ದೊಡ್ಡಕ್ಷರದಲ್ಲಿ ಕೇಳಿದ ನಲ್ಲಿನೀರು

ಬೆಳಿಗ್ಗೆ ಎಲ್ಲವೂ ಸರಾಗವಾಗಿ ನಡೆದುಬಿಟ್ಟರೆ ನನಗೆ ಹೆದರಿಕೆಯಾಗುತ್ತದೆ. ಹಾಲು ಉಕ್ಕಬೇಕು, ಒಲೆಗೆ ಹಾಕಿದ ಸೌದೆಯಲ್ಲಿ ಒಂದಾದರೂ ಹಸಿಯಿದ್ದು ಕಣ್ಣಲ್ಲಿ ನೀರು ತರಿಸಬೇಕು, ಕಾಫಿ ಸೋಸುವ ಬಟ್ಟೆ ಕೈಗೆ ಸಿಗದೆ ಸತಾಯಿಸಬೇಕು. ಆಗ ಆ ದಿನದ ಪಾಲಿನ ಕಷ್ಟ ಬೆಳಗಿನಲ್ಲೇ ಮುಗಿಯಿತೆಂದು ನೆಮ್ಮದಿಯಾಗಿ ಉಳಿದ ಕೆಲಸ ನೋಡಿಕೊಳ್ಳುತ್ತೇನೆ. ಇದನ್ನು ಹೇಳಿದರೆ ನಮ್ಮವರು ನಗುತ್ತಾರೆ. "ಚಿಂತೆ ಮಾಡೋಕೆ ಏನೂ ಸಿಗಲಿಲ್ಲ ಅನ್ನೋದೇ ನಿನಗೆ ಚಿಂತೆ" ಎನ್ನುತ್ತಾರೆ. ಅವರು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಅವರ ಚಿಂತೆಗಳಿಗೆಲ್ಲ ಒಂದೊಂದು ನಂಬರು ಬಿದ್ದು ಕಡತದೊಳಗೆ ಸೇರುತ್ತವೆ. ನನ್ನವಕ್ಕೆ ಕಡತವಿಲ್ಲ. ಅವು ಮನೆಯೆಲ್ಲ ಓಡಾಡಿಕೊಂಡಿರುತ್ತವೆ.

ಅವತ್ತು ಬೆಳಿಗ್ಗೆ ಹಾಲು ಉಕ್ಕಲಿಲ್ಲ. ಸೌದೆ ಒಂದೇ ಊದಿಗೆ ಹೊತ್ತಿಕೊಂಡಿತು. ರೊಟ್ಟಿ ಅಂಚು ಹರಿಯದೆ ಹೆಂಚಿನ ಮೇಲೆ ಬಿದ್ದು, ಹೇಳಿದ ಮಾತು ಕೇಳುವ ಮಗುವಿನ ಹಾಗೆ ಉಬ್ಬಿತು. ಮಗಳು ಜಡೆ ಹಾಕಿಸಿಕೊಳ್ಳುವಾಗ ಒಂದು ಸಲವೂ "ಅಮ್ಮಾ, ನೋವು" ಎಂದು ಕಿರುಚಲಿಲ್ಲ. ಬೇರೆ ದಿನವಾಗಿದ್ದರೆ ಹೇಗೋ ಸಹಿಸುತ್ತಿದ್ದೆ. ಅವತ್ತು ಸಂಜೆ ನಮ್ಮ ಬೀದಿಗೆ ಜಿಲ್ಲೆಯ ದೊಡ್ಡ ಸಾಹೇಬರು ಬರುವವರಿದ್ದರು. ಶಿವಮೊಗ್ಗದಿಂದ ಬಂದು, ಬಳ್ಳಿಗಾವಿಯ ದೇವಸ್ಥಾನ ನೋಡಿಕೊಂಡು, ಹಿಂತಿರುಗುವ ದಾರಿಯಲ್ಲಿ ಒಂದು ಗಳಿಗೆ ನಮ್ಮಲ್ಲಿ ಕಾರು ನಿಲ್ಲಿಸುವುದಾಗಿ ಒಪ್ಪಿದ್ದರು. ಆ ಒಂದು ಗಳಿಗೆಯಲ್ಲಿ ನಾವು ಅವರಿಗೆ ಹಾರ ಹಾಕಿ, ಬಿನ್ನವತ್ತಳೆ ಓದಿ, ನಲ್ಲಿ ಕೇಳಬೇಕಾಗಿತ್ತು.

ನಮ್ಮ ಬೀದಿಗೆ ನಲ್ಲಿಯಿಲ್ಲ. ಪೇಟೆಯ ಕಡೆಯಿಂದ ಹೊರಟ ಕೊಳವೆ ಬೀದಿಯ ಮೂಲೆಯ ತನಕ ಬಂದು, ಗುರುತಿಲ್ಲದ ಮನೆಯ ಬಾಗಿಲಿಗೆ ಬಂದವರ ಹಾಗೆ ಅಲ್ಲೇ ನಿಂತುಬಿಟ್ಟಿದೆ. ನಾವೆಲ್ಲ ಗುಡಿಯ ಹಿಂದಿನ ಬಾವಿಯಿಂದ ಸೇದಿ ತರಬೇಕು. ಬೇಸಿಗೆ ಬಂತೆಂದರೆ ಹಗ್ಗಕ್ಕೆ ಹಗ್ಗ ಗಂಟು ಹಾಕಬೇಕು. ಮೇಲೆ ಬಂದ ಕೊಡದಲ್ಲಿ ಅರ್ಧ ನೀರು, ಅರ್ಧ ಕೆಸರು. ನನ್ನದು ಹೇಗೋ ನಡೆಯುತ್ತದೆ. ಪಕ್ಕದ ಮನೆಯ ಗೌರಮ್ಮನವರ ಪಾಡು ನೋಡಲಾಗುವುದಿಲ್ಲ. ಅವರ ಮಂಡಿ ಹಿಡಿದುಕೊಂಡಿದೆ. ಕೊಡ ಹೊತ್ತು ಬರುವಾಗ ಪ್ರತಿಯೊಂದು ಮನೆಯ ಜಗಲಿಯನ್ನೂ ಮುಟ್ಟಿ ಮುಟ್ಟಿ ಬರುತ್ತಾರೆ. ಸಾಲದ್ದಕ್ಕೆ ಅವರ ಮಗಳು ಮೊದಲನೆಯ ಹೆರಿಗೆಗೆ ಹೊಸಬಾಳೆಯ ಗಂಡನ ಮನೆಯಿಂದ ಬರುವವಳಿದ್ದಳು. ಬಾಣಂತಿಗೆ ಎರೆಯುವುದೆಂದರೆ ಹಂಡೆಗಟ್ಟಲೆ ನೀರು, ಕೂಸಿನ ಬಟ್ಟೆ ಒಗೆಯುವುದು ಬೇರೆ. ಅವತ್ತು ಬೆಳಿಗ್ಗೆಯೂ ಅವರು ಕೊಡ ಇಳಿಸಿ, ನಮ್ಮ ಜಗಲಿಯ ಮೇಲೆ ಕೂತು, ಮಂಡಿ ತಿಕ್ಕಿಕೊಳ್ಳುತ್ತಾ ಕೇಳಿದರು.

"ಇವತ್ತೇ ಅಲ್ಲೇನ್ರೀ ಸಾಹೇಬ್ರು ಬರೋದು? ನಲ್ಲಿ ಕೊಡ್ತಾರೇನ್ರೀ?"

"ಕೇಳೋದು ನಮ್ಮ ಕೆಲಸ ಗೌರಮ್ಮ. ಕೊಡೋದು ಅವರ ಕೈಲಿದೆ."

"ನೀವು ಇಂಗ್ಲೀಷಿನಾಗೆ ಬರ್ಕೊಟ್ರೆ ಬಂದೇ ಬರ್ತೈತೆ ಬಿಡ್ರಿ" ಎಂದು ಕೊಡ ಎತ್ತಿಕೊಂಡು ಹೋದರು. ಅವರು ಧೈರ್ಯ ಹೇಳಿದಷ್ಟೂ ನನ್ನ ಧೈರ್ಯ ಕಡಿಮೆಯಾಗುತ್ತದೆ.

ಇಂಗ್ಲೀಷಿನ ಈ ಹುಚ್ಚು ಹಿಡಿಸಿದವರು ಮಿಲ್ಲಿನ ಗೌಡರು. ನಮ್ಮ ಬೀದಿಯ ಕೊನೆಯಲ್ಲಿರುವ ಅಕ್ಕಿ ಗಿರಣಿ ಅವರದು. ಸ್ವಾಗತ ಸಮಿತಿಗೆ ಅವರೇ ಅಧ್ಯಕ್ಷರು, ಬಿನ್ನವತ್ತಳೆ ಓದುವವರೂ ಅವರೇ; ನಮ್ಮವರು ಕಾರ್ಯದರ್ಶಿ. ಬಿನ್ನವತ್ತಳೆಯನ್ನು ಕನ್ನಡದಲ್ಲೇ ಬರೆಯುವುದೆಂದು ನಮ್ಮವರು ಹೇಳಿದಾಗ ಗೌಡರು ತಲೆಗೆ ಸುತ್ತಿದ ರುಮಾಲು ತೆಗೆದು ತೊಡೆಯ ಮೇಲೆ ಇಟ್ಟುಕೊಂಡರಂತೆ. ಅವರು ರುಮಾಲು ತೆಗೆದರೆಂದರೆ ವಿಷಯ ಗಂಭೀರವೆಂದು ಅರ್ಥ. "ರಾಯರೇ, ಹೋದ ತಿಂಗಳು ಸೊರಬದಾಗೆ ಇದೇ ಸಾಹೇಬ್ರಿಗೆ ಇಂಗ್ಲೀಷಿನಾಗೆ ಓದ್ಯಾರಂತೆ. ಅದೂ ಟೈಪು ಹೊಡೆದದ್ದು! ನಾವು ಕನ್ನಡದಾಗೆ ಓದಿದ್ರೆ ಶಿಕಾರಿಪುರ ಸೊರಬಕ್ಕಿಂತ ಕಡಿಮೆ ಅಂತ ಆಗ್ಲಿಲ್ಲೇನು?" ಸಾಹೇಬರಿಗೆ ಕನ್ನಡ ಚೆನ್ನಾಗಿಯೇ ಬರುತ್ತದೆಂದು ನಮ್ಮವರು ಹೇಳಿ ನೋಡಿದರು. "ಅವ್ರಿಗೆ ಬರ್ತೈತೋ ಬಿಡ್ತೈತೋ, ಸೊರಬದೋರಿಗೆ ಗೊತ್ತಾಗಬೇಕಲ್ಲ" ಎಂದರು ಗೌಡರು. ಮಾತು ಅಲ್ಲಿಗೆ ಮುಗಿಯಿತು. ಬರೆಯುವವರು ಯಾರು ಎಂಬ ಪ್ರಶ್ನೆ ಬಂದಾಗ ನಮ್ಮವರು, ಮನೆಯಲ್ಲಿ ದೊಡ್ಡ ಬೀಸುವ ಕಲ್ಲಿದೆ, ಬೇಕಾದರೆ ತೆಗೆದುಕೊಂಡು ಹೋಗಿ ಎನ್ನುವ ಧಾಟಿಯಲ್ಲಿ, "ನಮ್ಮ ಮನೇಲೇ ಕಾನ್ವೆಂಟಿದೆಯಲ್ಲ" ಎಂದುಬಿಟ್ಟರು.

ಆ ಕಾನ್ವೆಂಟು ನಾನು. ಚಿಕ್ಕಂದಿನಲ್ಲಿ ಸೋದರಮಾವನ ಮನೆಯಲ್ಲಿದ್ದುಕೊಂಡು ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ನನಗೆ ಕೈಬರಹ ಕಲಿಸಿದವರು ಸಿಸ್ಟರ್ ಆಗ್ನೆಸ್. ನಾಲ್ಕು ಗೆರೆಯ ಪುಸ್ತಕದಲ್ಲಿ ದೊಡ್ಡಕ್ಷರಗಳು ನೆಲದಿಂದ ಸೂರಿನ ತನಕ ನೆಟ್ಟಗೆ ನಿಲ್ಲಬೇಕು. ಸಣ್ಣಕ್ಷರಗಳು ನಡುವಿನ ಎರಡು ಗೆರೆಯೊಳಗೆ ಮೈ ಮುದುಡಿಕೊಂಡು ಕೂರಬೇಕು. ಸಣ್ಣ ‘ಜಿ’, ಸಣ್ಣ ‘ವೈ’ಗಳಿಗೆ ಮಾತ್ರ ಜಗಲಿಯ ಮೇಲೆ ಕೂತವರ ಹಾಗೆ ಕಾಲು ಇಳಿಬಿಡುವ ಸಲುಗೆಯಿತ್ತು. ವಾಕ್ಯಕ್ಕೆ ಮೊದಲು ಒಂದು ದೊಡ್ಡಕ್ಷರ, ದೇವರಿಗೆ ಒಂದು, ಹೆಸರಿಗೆ ಒಂದು. ಅದಕ್ಕಿಂತ ಒಂದು ಹೆಚ್ಚು ಬರೆದರೂ ಅಡಿಪಟ್ಟಿ ಮೇಜಿನ ಮೇಲೆ ಟಕ್ಕೆನ್ನುತ್ತಿತ್ತು. "ದೊಡ್ಡಕ್ಷರವೆಂದರೆ ಕೂಗು. ಒಳ್ಳೆಯ ಮನೆಯ ಹುಡುಗಿ ಕೂಗುವುದಿಲ್ಲ" ಎನ್ನುತ್ತಿದ್ದರು. ನಮ್ಮ ಕನ್ನಡಕ್ಕೆ ಈ ಕಷ್ಟವೇ ಇಲ್ಲ. ಸಾಹೇಬರಿಗೂ ಸಾಸಿವೆಗೂ ಅದೇ ‘ಸಾ’. ನಮ್ಮಲ್ಲಿ ಮೇಲುಕೀಳು ಮನುಷ್ಯರಲ್ಲಿ ಬೇಕಾದಷ್ಟಿದೆ. ಪುಣ್ಯಕ್ಕೆ ಅಕ್ಷರಕ್ಕೆ ಅಂಟಲಿಲ್ಲ. ಆದರೆ ಸಿಸ್ಟರ್ ಆಗ್ನೆಸ್ ಅವರ ಅಡಿಪಟ್ಟಿಯ ಸದ್ದು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ. ಇವತ್ತಿಗೂ ಬಾವಿಕಟ್ಟೆಯಲ್ಲಿ ಯಾರಾದರೂ ನನ್ನ ಸರದಿ ತಪ್ಪಿಸಿ ಹಗ್ಗ ಇಳಿಬಿಟ್ಟರೆ ನಾನು ಕೂಗುವುದಿಲ್ಲ. ಖಾಲಿ ಕೊಡ ಹಿಡಿದು ನಿಂತಿರುತ್ತೇನೆ.

ಬರೆದದ್ದಾಯಿತು, ಟೈಪು ಆಗಬೇಕಲ್ಲ. ಕಚೇರಿಯ ಯಂತ್ರಕ್ಕೆ ಸಾಹೇಬರ ಭೇಟಿಯದೇ ಕಾಗದಗಳ ಕೆಲಸ ತಲೆ ಮೇಲಿತ್ತು. ಸೊರಬದಲ್ಲಿ ನಮ್ಮವರ ಗೆಳೆಯರೊಬ್ಬರು ವಕೀಲರಿದ್ದಾರೆ; ಅವರು ತಮ್ಮ ಹಳೆಯ ಯಂತ್ರವನ್ನು ಅವತ್ತು ಬೆಳಗಿನ ಮೊದಲನೆಯ ಬಸ್ಸಿಗೆ ಹಾಕಿ ಕಳಿಸಿದರು. ಸೊರಬವನ್ನು ಸೋಲಿಸುವುದಕ್ಕೆ ಸೊರಬದಿಂದಲೇ ಟೈಪ್‌ರೈಟರು ತರಿಸಿದ ಸಂಗತಿ ಗೌಡರಿಗೆ ತಿಳಿಯದ ಹಾಗೆ ನೋಡಿಕೊಂಡೆವು. ಅದು ಗೋಣಿಚೀಲ ಸುತ್ತಿಕೊಂಡು, ಬಸ್ಸಿನ ಮೇಲೆ ಹಲಸಿನ ಹಣ್ಣುಗಳ ನಡುವೆ ಕೂತು ಬಂದಿತ್ತು. ನಮ್ಮವರು ಹೊತ್ತು ತಂದು ಅಡುಗೆಮನೆಯ ಅಕ್ಕಿ ಡಬ್ಬಿಯ ಮೇಲೆ ಇಳಿಸಿದರು. ಕಾನ್ವೆಂಟಿನ ಕೊನೆಯ ವರ್ಷ ನಾನು ಒಂದಿಷ್ಟು ಟೈಪು ಕಲಿತಿದ್ದೆ. ಮದುವೆ ಗೊತ್ತಾಯಿತು, ಬಿಟ್ಟೆ. ಕೈ ತೊಳೆದು, ಸೆರಗು ಸಿಕ್ಕಿಸಿಕೊಂಡು, ದೇವರಿಗೊಂದು ನಮಸ್ಕಾರ ಹಾಕಿ ಮೊದಲನೆಯ ಸಾಲು ಹೊಡೆದೆ. ‘ಮೋಸ್ಟ್ ರೆಸ್ಪೆಕ್ಟೆಡ್ ಸರ್’ ಎಂಬ ಮೂರು ಪದಗಳೂ ತಲೆಯಿಂದ ಬಾಲದ ತನಕ ದೊಡ್ಡಕ್ಷರದಲ್ಲಿ ಬಂದು ನಿಂತವು.

ಆ ಯಂತ್ರದ ಎಡಗಡೆ ಒಂದು ಕೀಲಿಯಿರುತ್ತದೆ. ಒತ್ತಿ ಹಿಡಿದರೆ ದೊಡ್ಡಕ್ಷರ, ಬಿಟ್ಟರೆ ಸಣ್ಣಕ್ಷರ. ದಾರಿಯಲ್ಲಿ ಯಾವ ಹಲಸಿನ ಹಣ್ಣು ಅದರ ಮೇಲೆ ಉರುಳಿತ್ತೋ, ಆ ಕೀಲಿ ಒತ್ತಿದ ಹಾಗೇ ಕಚ್ಚಿಕೊಂಡಿತ್ತು. ಮುಂದಿನ ಸಾಲೂ ಹಾಗೇ. ಅದರ ಮುಂದಿನದೂ ಹಾಗೇ. ಅಂಕಿಗಳಂತೂ ಅಂಕಿಗಳಾಗಿಯೇ ಬರಲಿಲ್ಲ. ಮನೆಗಳ ಸಂಖ್ಯೆ ಹೊಡೆದರೆ ಒಂದು ಶೇಕಡಾ ಚಿಹ್ನೆ, ಅದರ ಪಕ್ಕದಲ್ಲಿ ಒಂದು ಕಂಸ ಬಿತ್ತು. ನಮ್ಮ ಬೀದಿಯಲ್ಲಿ ಶೇಕಡಾ ಕಂಸ ಮನೆಗಳಿವೆಯೆಂದು ಓದಿ ಸಾಹೇಬರು ಏನು ತಿಳಿದುಕೊಳ್ಳಬೇಕು? ಅದಾದರೂ ಹೋಗಲಿ. ‘ನಮಗೆ ನೀರು ಕೊಡಿ’ ಎಂಬ ಸಾಲು ದೊಡ್ಡಕ್ಷರದಲ್ಲೇ ಬಿತ್ತು. ಬೇಡಿಕೊಂಡ ಹಾಗಿರಲಿಲ್ಲ, ಸೆರಗು ಸೊಂಟಕ್ಕೆ ಕಟ್ಟಿ ಬೀದಿಯಲ್ಲಿ ನಿಂತು ಜಗಳ ತೆಗೆದ ಹಾಗಿತ್ತು. ಸಾಹೇಬರು ಸಿಟ್ಟಾದರೆ? ಬರುವ ನಲ್ಲಿಯೂ ಹೋದರೆ? ಗೌರಮ್ಮನವರ ಮಗಳು ಬಾಣಂತಿಯಾಗಿ ಬಚ್ಚಲಲ್ಲಿ ಕೂತಿರುವಂತೆಯೂ, ನಾನು ಖಾಲಿ ಹಂಡೆ ಬಗ್ಗಿಸುತ್ತಿರುವಂತೆಯೂ ಕಣ್ಣಿಗೆ ಕಟ್ಟಿತು.

ನಮ್ಮವರನ್ನು ಕರೆದು ತೋರಿಸಿದೆ. ಅವರು ಕೋಟು ಹಾಕಿಕೊಳ್ಳುತ್ತಾ ಬಗ್ಗಿ ನೋಡಿದರು. "ಚೆನ್ನಾಗೇ ಇದೆಯಲ್ಲೇ."

"ರೀ, ಎಲ್ಲ ದೊಡ್ಡಕ್ಷರ ಬಂದಿದೆ."

"ಬರಲಿ ಬಿಡು. ಇಂಗ್ಲೀಷು ಇಂಗ್ಲೀಷೇ. ಸಾಹೇಬರು ದೊಡ್ಡೋರು, ಅಕ್ಷರಾನೂ ದೊಡ್ಡದಿರಲಿ."

"ಕೂಗಿದ ಹಾಗಿದೆ ರೀ."

"ಕಾಗದ ಎಲ್ಲಾದರೂ ಕೂಗುತ್ತೇನೇ?" ಎಂದು ನಗುತ್ತಾ ಕೊಡೆ ಹಿಡಿದು ಹೊರಟೇಬಿಟ್ಟರು.

ಅವರು ಹೋದ ಮೇಲೆ ಆ ಕೀಲಿಗೆ ನಾನು ಮಾಡದ ಉಪಚಾರವಿಲ್ಲ. ಹೇರ್‌ಪಿನ್ನಿನಿಂದ ಎಬ್ಬಿಸಿ ನೋಡಿದೆ. ಕೊಬ್ಬರಿ ಎಣ್ಣೆ ಬಿಟ್ಟೆ. ಸೀಮೆಎಣ್ಣೆ ಬಿಟ್ಟೆ. ಎಣ್ಣೆಯೆಲ್ಲ ಕೆಳಗಿಳಿದು, ಹೊಡೆದಿದ್ದ ಹಾಳೆಯ ನಡುವೆ ದೋಸೆಯಗಲದ ಮಚ್ಚೆಯಾಯಿತೇ ಹೊರತು ಕೀಲಿ ಮಿಸುಕಲಿಲ್ಲ. ಕೊನೆಗೆ ಯಂತ್ರದ ಸಹವಾಸ ಬಿಟ್ಟು, ಮಗಳ ಪೆಟ್ಟಿಗೆಯಿಂದ ಒಳ್ಳೆಯ ಡ್ರಾಯಿಂಗ್ ಹಾಳೆ ತೆಗೆದು, ಶಾಯಿ ಪೆನ್ನು ಹಿಡಿದು ಕೂತೆ. ದೊಡ್ಡಕ್ಷರಗಳನ್ನೆಲ್ಲ ಒಂದೊಂದಾಗಿ ಸಣ್ಣಕ್ಷರ ಮಾಡುವುದೆಂದು ನಿಶ್ಚಯಿಸಿದೆ.

ಸಣ್ಣದು ಮಾಡುವುದೆಂದರೆ ಕುಗ್ಗಿಸಿದರೆ ಆಯಿತೆಂದು ತಿಳಿಯಬೇಡಿ. ‘ಓ’, ‘ಎಸ್’ ತರಹದ ಕೆಲವು ಸಾಧುಗಳು ಕುಗ್ಗಿದರೂ ಅವೇ ಆಗಿರುತ್ತವೆ. ಉಳಿದವು ಹಾಗಲ್ಲ. ನಮ್ಮವರನ್ನೇ ತೆಗೆದುಕೊಳ್ಳಿ. ಕಚೇರಿಯಲ್ಲಿ ಕರೀ ಕೋಟು, ಪೇಟ, ಕನ್ನಡಕ. ಮನೆಗೆ ಬಂದರೆ ಬರೀ ಮೈ, ಸೊಂಟಕ್ಕೊಂದು ಪಂಚೆ, ಕೈಯಲ್ಲಿ ಬೀಸಣಿಗೆ. ಅವರ ಕಚೇರಿಯ ಜವಾನ ಒಂದು ಸಲ ಮನೆಗೆ ಬಂದವನು ಅವರನ್ನೇ ನೋಡಿ "ರಾಯರು ಇಲ್ಲೇನ್ರೀ?" ಎಂದು ಕೇಳಿದ್ದ. ಇಂಗ್ಲೀಷಿನ ಅಕ್ಷರಗಳದ್ದೂ ಅದೇ ಕಥೆ. ಕಚೇರಿಯ ‘ಆರ್’ ಎಷ್ಟು ಗತ್ತಿನಿಂದ ಒಂದು ಕಾಲು ಮುಂದಿಟ್ಟು ನಿಂತಿರುತ್ತದೆ! ಮನೆಯ ‘ಆರ್’ ಒಂದು ಒಣಗಿದ ಕಡ್ಡಿ, ಅದಕ್ಕೊಂದು ಚಿಗುರು. ಇಬ್ಬರೂ ಒಬ್ಬರೇ ಎಂದು ಬಲ್ಲವರು ಹೇಳಿದರೆ ನಂಬಬೇಕು ಅಷ್ಟೆ. ಒಂದೊಂದರದೂ ಕೋಟು ಕಳಚಿ, ಪೇಟ ಇಳಿಸಿ, ಗೆರೆಯೊಳಗೆ ಕೂರಿಸುತ್ತಾ ಹೋದೆ. ಮಧ್ಯಾಹ್ನದ ಹೊತ್ತಿಗೆ ಬಿನ್ನವತ್ತಳೆ ಮುಗಿಯಿತು. ಎಷ್ಟು ಮೆತ್ತಗಿತ್ತು! ‘ವಿನಯದಿಂದ ಬೇಡಿಕೊಳ್ಳುತ್ತೇವೆ’ ಎಂಬ ಸಾಲು ನಿಜವಾಗಿಯೂ ಕೈಮುಗಿದುಕೊಂಡು ನಿಂತ ಹಾಗಿತ್ತು. ಸಿಸ್ಟರ್ ಆಗ್ನೆಸ್ ನೋಡಿದ್ದರೆ ಅಡಿಪಟ್ಟಿ ಕೆಳಗಿಡುತ್ತಿದ್ದರು.

ಅಷ್ಟರಲ್ಲಿ ನಮ್ಮವರು ಊಟಕ್ಕೆ ಬಂದರು. ಗಂಡಸರಿಗೆ ಕೆಟ್ಟ ಯಂತ್ರ ಕಂಡರೆ ಅದೇನೋ ಹುಮ್ಮಸ್ಸು. ಲಟ್ಟಣಿಗೆ ತೆಗೆದು ಆ ಕೀಲಿಯ ಪಕ್ಕಕ್ಕೆ ಒಂದು ಏಟು ಹಾಕಿದರು. ಒಳಗೆ ಏನೋ ಕಳಕ್ಕೆಂದಿತು. ಕೀಲಿ ಮೇಲೆದ್ದಿತು. "ನೋಡು!" ಎಂದು ನನ್ನ ಕಡೆ ತಿರುಗಿದರು. ನೋಡಿದೆ. ಈಗ ಆ ಕೀಲಿಯನ್ನು ಎಷ್ಟು ಒತ್ತಿದರೂ ದೊಡ್ಡಕ್ಷರವೇ ಬರಲಿಲ್ಲ. ಸಾಹೇಬರು, ಶಿಕಾರಿಪುರ, ದೇವರು, ಎಲ್ಲರೂ ಸಣ್ಣಕ್ಷರವಾಗಿಬಿಟ್ಟರು. ಕೂಗುವುದು ತಪ್ಪು ನಿಜ. ಆದರೆ ಬಂದ ಅತಿಥಿಯ ತಲೆಯ ಮೇಲಿನ ಪೇಟವನ್ನೇ ಕಿತ್ತುಕೊಳ್ಳುವುದು ಸರಿಯೇ? "ವಕೀಲರ ಯಂತ್ರ ಹಾಳಾಯಿತಲ್ಲ ರೀ" ಎಂದೆ. "ಹಾಳೇನು ಬಂತು? ಬೆಳಿಗ್ಗೆ ಬರೀ ದೊಡ್ಡದು ಬರ್ತಿತ್ತು, ಈಗ ಬರೀ ಸಣ್ಣದು ಬರುತ್ತೆ. ಲೆಕ್ಕ ಸರಿಹೋಯಿತು" ಎಂದು ಕೈತೊಳೆದು ಎಲೆಯ ಮುಂದೆ ಕೂತರು. ನಾನು ನನ್ನ ಕೈಬರಹದ ಹಾಳೆಯನ್ನು ಜೋಪಾನವಾಗಿ ಗೂಡಿನಲ್ಲಿಟ್ಟೆ. ಅದೊಂದಿದೆಯಲ್ಲ ಎಂದು ಸಮಾಧಾನ ಮಾಡಿಕೊಂಡೆ. ಸಮಾಧಾನವಾದೊಡನೆ ಹೆದರಿಕೆಯೂ ಆಯಿತು.

ಹೆದರಿಕೆ ನಿಜವಾಗಲು ತಡವಾಗಲಿಲ್ಲ. ಎಲೆ ಎತ್ತುವಷ್ಟರಲ್ಲಿ ಮಿಲ್ಲಿನ ಗೌಡರು ಓದುವುದನ್ನು ಒಂದು ಸಲ ರೂಢಿ ಮಾಡಿಕೊಳ್ಳಲು ಬಂದರು. ಹೊಸ ಜರಿ ರುಮಾಲು, ಗಂಜಿ ಹಾಕಿದ ಪಂಚೆ, ಮೈಯೆಲ್ಲ ತೌಡಿನ ವಾಸನೆಯ ಮೇಲೆ ಒಂದಿಷ್ಟು ಅತ್ತರು. ಜಗಲಿಯ ಮೇಲೆ ಕೂತು ಹಾಳೆ ತೆಗೆದುಕೊಂಡರು. ಕನ್ನಡಕ ಏರಿಸಿದರು. ಹಾಳೆ ದೂರ ಹಿಡಿದರು, ಹತ್ತಿರ ಹಿಡಿದರು, ಕನ್ನಡಕ ತೆಗೆದು ಒರೆಸಿದರು. ನಾನು ಬಾಗಿಲ ಮರೆಯಲ್ಲಿ ನಿಂತು ನೋಡುತ್ತಿದ್ದೆ. ಗೌಡರು ಮೆಲ್ಲಗೆ ರುಮಾಲು ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು.

"ತಂಗೀ, ಇದು ಯಾವ ಭಾಷೆ?"

"ಇಂಗ್ಲೀಷು, ಗೌಡ್ರೇ."

"ಅಲ್ಲ ಬಿಡವ್ವ. ನನಗೆ ಗೊತ್ತಿರೋ ಇಂಗ್ಲೀಷು ಇದಲ್ಲ."

ನಮ್ಮವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಗೌಡರಿಗೆ ಇಂಗ್ಲೀಷು ಬರುತ್ತದೆಂಬುದು ಊರಿಗೇ ಗೊತ್ತಿದ್ದ ಮಾತು. ಗಿರಣಿಗೆ ಟೆಲಿಗ್ರಾಮಿನ ತಂತಿ ಬಂದರೆ ಲಕೋಟೆ ಅವರೇ ಒಡೆದು, ಹಮಾಲರೆಲ್ಲ ಕೇಳುವ ಹಾಗೆ ಓದುತ್ತಿದ್ದರು. ಅಷ್ಟರಲ್ಲಿ ಅವರ ಕಣ್ಣು ಜಗಲಿಯ ಮೂಲೆಯಲ್ಲಿ ನಾನು ಎಸೆದಿದ್ದ ಎಣ್ಣೆಮಚ್ಚೆಯ ಹಾಳೆಯ ಮೇಲೆ ಬಿತ್ತು. ಎತ್ತಿಕೊಂಡರು. ಅವರ ಮುಖ ಅರಳಿತು. "ಮೋಸ್ಟ್! ರೆಸ್ಪೆಕ್ಟೆಡ್! ಸರ್!" ಎಂದು ಎದುರುಮನೆಯ ಕಿಟಕಿ ತೆರೆಯುವ ಹಾಗೆ ಓದಿದರು. "ಇದು ನೋಡ್ರಿ ಇಂಗ್ಲೀಷು! ನನ್ನ ಇಂಜಿನ್ ಮೈಮೇಲೆ ಬರೆದಿರೋದು ಇದು. ಗೋಣಿಚೀಲದ ಮೇಲೆ ಇರೋದು ಇದು. ಲಾರಿ ಮೇಲೆ, ತಂತಿ ಒಳಗೆ, ಎಲ್ಲಾ ಕಡೆ ಇದೇ. ಆ ಸಣ್ಣ ಸಣ್ಣ ಹುಳಾ ಎಲ್ಲಾ ನನಗೆ ಗುರುತಿಲ್ಲವ್ವ."

ಆಗ ನನಗೆ ಹೊಳೆಯಿತು. ಗೌಡರು ಶಾಲೆಯಲ್ಲಿ ಇಂಗ್ಲೀಷು ಕಲಿತವರಲ್ಲ. ವ್ಯಾಪಾರ ಮಾಡುತ್ತಾ ಮಾಡುತ್ತಾ ಚೀಲ, ಯಂತ್ರ, ತಂತಿ ನೋಡಿ ಕಲಿತವರು. ಅವರ ಮಟ್ಟಿಗೆ ಇಂಗ್ಲೀಷೆಂದರೆ ಕೋಟು ಪೇಟ ತೊಟ್ಟುಕೊಂಡೇ ಇರುವ ಭಾಷೆ. ಅದು ಮನೆಗೆ ಹೋಗಿ ಪಂಚೆ ಉಟ್ಟದ್ದನ್ನು ಅವರು ಕಂಡೇ ಇಲ್ಲ.

"ಇದನ್ನೇ ಓದಿಬಿಡ್ತೀನಿ" ಎಂದರು. ಎಣ್ಣೆಮಚ್ಚೆ! ನೀರು ಕೇಳುವ ಸಾಲಿನ ಮೇಲೇ ಕೂತಿತ್ತು. ಶೇಕಡಾ ಕಂಸ ಬೇರೆ. ಯಂತ್ರವೋ ಇನ್ನು ದೊಡ್ಡಕ್ಷರ ಹೊಡೆಯುವ ಸ್ಥಿತಿಯಲ್ಲಿರಲಿಲ್ಲ. ಸಾಹೇಬರ ಕಾರು ಆಗಲೇ ಬಳ್ಳಿಗಾವಿಯ ಕಡೆ ಹೋದದ್ದನ್ನು ಯಾರೋ ನೋಡಿ ಬಂದು ಹೇಳಿದರು. ನಾನು ಮಗಳ ಪೆಟ್ಟಿಗೆಯಿಂದ ಇನ್ನೊಂದು ಹಾಳೆ ತೆಗೆದೆ. ಬೆಳಗಿನಿಂದ ಕಷ್ಟಪಟ್ಟು ಕಳಚಿದ ಕೋಟುಗಳನ್ನೆಲ್ಲ ತಿರುಗಿ ತೊಡಿಸುವುದಕ್ಕೆ ಕೂತೆ.

ಇಳಿಸುವುದಕ್ಕಿಂತ ಏರಿಸುವುದು ಕಷ್ಟ. ಸಣ್ಣಕ್ಷರ ಬರೆಯುವಾಗ ಕೈ ಹರಿಯುತ್ತದೆ. ದೊಡ್ಡಕ್ಷರದಲ್ಲಿ ಒಂದೊಂದಕ್ಕೂ ಕಂಬ ನೆಟ್ಟು ತೊಲೆ ಹೇರಬೇಕು. ನಾನು ಒಂದು ಸಾಲು ಮುಗಿಸಿದರೆ ಸಾಕು, ಗೌಡರು ನನ್ನ ಹೆಗಲ ಮೇಲಿಂದ ಬಗ್ಗಿ, ಶಾಯಿ ಆರುವುದರೊಳಗೆ ಗಟ್ಟಿಯಾಗಿ ಓದಿಬಿಡುತ್ತಿದ್ದರು. ಒಂದು ಸಾಲು ಮುಗಿದು ಇನ್ನೊಂದು ಶುರುವಾದರೂ ಅವರು ಉಸಿರು ತೆಗೆದುಕೊಳ್ಳಲಿಲ್ಲ. ನಾನು ಪೂರ್ಣವಿರಾಮದ ಚುಕ್ಕೆ ತೋರಿಸಿದೆ. "ಇಲ್ಲಿ ನಿಲ್ಲಿಸಬೇಕು, ಗೌಡ್ರೇ."

"ಎಲ್ಲೈತಿ? ಸ್ಟಾಪ್ ಅಂತ ಬರೆದೇ ಇಲ್ಲಲ್ಲ?"

"ಈ ಚುಕ್ಕೆ..."

"ಚುಕ್ಕೆ ಅಂದ್ರೆ ಶಾಯಿ ಬಿದ್ದಿರಬೇಕು ಅಂದ್ಕಂಡೆ. ತಂತಿಯೊಳಗೆ ನಿಲ್ಲೋ ಕಡೆ ಎಲ್ಲಾ ಸ್ಟಾಪ್ ಅಂತ ಸ್ಪಷ್ಟ ಬರೆದಿರ್ತಾರೆ. ನೀನೂ ಹಂಗೇ ಬರಿಯವ್ವ. ಇಲ್ದಿದ್ರೆ ನಾನು ಎಲ್ಲಿ ನಿಲ್ಲಲಿ?"

ಬರೆದೆ. ಸಿಸ್ಟರ್ ಆಗ್ನೆಸ್ ಅವರನ್ನು ಮನಸ್ಸಿನಲ್ಲೇ ಕ್ಷಮೆ ಕೇಳಿಕೊಂಡು, ಪ್ರತಿ ವಾಕ್ಯದ ಕೊನೆಗೂ ‘ಸ್ಟಾಪ್’ ಎಂದು ಬರೆದೆ. ಅದನ್ನು ಮನಸ್ಸಿನಲ್ಲಿ ಓದಿಕೊಂಡು ನಿಲ್ಲುತ್ತಾರೆಂದು ನನ್ನ ಲೆಕ್ಕ. ಇಷ್ಟೆಲ್ಲ ಆದಮೇಲೂ ನನ್ನಲ್ಲೊಂದು ಉಪಾಯ ಉಳಿದಿತ್ತು. ಗೌಡರು ದೊಡ್ಡಕ್ಷರದ ಹಾಳೆ ನೋಡಿ ಓದಲಿ. ಓದಿ ಮುಗಿದ ಮೇಲೆ ಸಾಹೇಬರ ಕೈಗೆ ಕೊಡುವುದು ಸಣ್ಣಕ್ಷರದ ಹಾಳೆಯಾಗಲಿ. ಕೂಗು ಗಾಳಿಗೆ ಹೋಗುತ್ತದೆ, ಕೈಯಲ್ಲಿ ಉಳಿಯುವುದು ವಿನಯ. ಎರಡನ್ನೂ ಸುತ್ತಿ, ಸಣ್ಣಕ್ಷರದ್ದಕ್ಕೆ ಮಗಳ ಕೆಂಪು ರಿಬ್ಬನ್ನು ಕಟ್ಟಿ, ಗೌಡರಿಗೆ ವಿವರಿಸಿದೆ. "ಆಗ್ಲಿ ತಂಗಿ" ಎಂದರು. ಅವರು ಅಷ್ಟು ಸುಲಭವಾಗಿ ಒಪ್ಪಿದಾಗಲೇ ನನಗೆ ಅನುಮಾನ ಬರಬೇಕಾಗಿತ್ತು.

ಬಿಸಿಲು ಇಳಿಯುವ ಹೊತ್ತಿಗೆ ಸಾಹೇಬರು ಬಂದರು. ಬೀದಿಯ ಮೂಲೆಯಲ್ಲಿ, ಆ ನಿಂತುಹೋದ ಕೊಳವೆಯ ಪಕ್ಕದಲ್ಲೇ ಚಪ್ಪರ ಹಾಕಿ ಕುರ್ಚಿ ಇಟ್ಟಿದ್ದರು. ಹೆಂಗಸರೆಲ್ಲ ಒಂದು ಪಕ್ಕದ ಚಾಪೆಯ ಮೇಲೆ. ಗೌರಮ್ಮನವರು ಮಂಡಿ ಮಡಿಸಲಾಗದೆ ಕಾಲು ನೀಡಿಕೊಂಡು ನನ್ನ ಪಕ್ಕದಲ್ಲಿ. ಸಾಹೇಬರಿಗೆ ದಪ್ಪ ಮೀಸೆ, ಬಳಲಿದ ಕಣ್ಣು. ಹಾರ ಹಾಕುವಾಗಲೇ ಗಡಿಯಾರ ನೋಡಿಕೊಂಡರು. ಗೌಡರು ಎದ್ದು ನಿಂತರು, ಗಂಟಲು ಸರಿಪಡಿಸಿಕೊಂಡರು.

ಅವರ ಓದನ್ನು ನಾನು ಇಲ್ಲಿ ಬರೆದು ತೋರಿಸಲಾರೆ. ಗಿರಣಿಯ ಇಂಜಿನ್ನಿನ ಸದ್ದನ್ನು ಮೀರಿಸಿ ಮಾತಾಡಿ ಮಾತಾಡಿ ಪಳಗಿದ ಗಂಟಲು. ಒಂದು ಪದ ಮೇಲೆ, ಒಂದು ಪದ ಕೆಳಗೆ ಎಂಬುದಿಲ್ಲ. ಎಲ್ಲವೂ ಒಂದೇ ಎತ್ತರ. ‘ದಿ ವೆಲ್ ಈಸ್ ಡ್ರೈ’ ಎಂದರು. ಬಾವಿ ಒಣಗಿದ ಸುದ್ದಿ ಆ ಬಾವಿಗೂ ಕೇಳಿಸಿರಬೇಕು. ಅದರ ಮುಂದೆ ನನ್ನ ಲೆಕ್ಕ ತಪ್ಪಿತು. ಬಲಗೈಯನ್ನು ಬಸ್ಸಿನ ಕಂಡಕ್ಟರನ ಹಾಗೆ ಮೇಲೆತ್ತಿ, "ಸ್ಟಾಪ್!" ಎಂದು ಗುಡುಗಿದರು. ಮುಂದಿನ ವಾಕ್ಯ. ಮತ್ತೆ ಕೈ ಮೇಲೆ, "ಸ್ಟಾಪ್!" ಮುಂದೆ ಕೂತಿದ್ದ ಮಕ್ಕಳಿಗೆ ಆಟ ಹತ್ತಿತು. ಗೌಡರ ಕೈ ಮೇಲೇಳುವುದನ್ನೇ ಕಾದಿದ್ದು "ಸ್ಟಾಪ್!" ಎಂದು ದನಿಗೂಡಿಸತೊಡಗಿದವು. ಅವುಗಳಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಕೂಗುತ್ತಿದ್ದವಳು ನನ್ನ ಮಗಳು. ಅವಳತ್ತ ಕಣ್ಣು ಬಿಟ್ಟೆ, ಅವಳು ನೋಡಲಿಲ್ಲ. ಸಾಹೇಬರ ಮೀಸೆ ಅಲುಗಾಡುತ್ತಿತ್ತು. ಸಿಟ್ಟಿಗೋ, ನಗುವಿಗೋ, ನಾನು ಕೂತ ಕಡೆಯಿಂದ ತಿಳಿಯಲಿಲ್ಲ. ‘ವಿನಯದಿಂದ’ ಎನ್ನುವುದಕ್ಕೆ ನಾನು ‘ಹಂಬ್ಲಿ’ ಎಂದು ಬರೆದಿದ್ದೆ. ಆ ಪದವನ್ನು ಅಷ್ಟು ಗರ್ವದಿಂದ ಅದುವರೆಗೆ ಯಾರೂ ಓದಿರಲಾರರು. "ವಿ ಹಂಬ್ಲಿ ಪ್ರೇ ಫಾರ್ ವಾಟರ್! ಸ್ಟಾಪ್!" ಎಂದು ಮುಗಿಸಿ, ಮೂಲೆಯ ಕೊಳವೆಯ ಕಡೆ ಕೈ ತೋರಿಸಿದರು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಇಡೀ ಬೀದಿ ನನ್ನ ಕೈಬರಹದಲ್ಲಿ ಕೂಗುತ್ತಿತ್ತು.

ಸೆರಗು ಸರಿಸಿ ನೋಡಿದಾಗ ಗೌಡರು ದೊಡ್ಡಕ್ಷರದ ಹಾಳೆಯನ್ನೇ ಸಾಹೇಬರ ಕೈಗೆ ಕೊಡುತ್ತಿದ್ದರು. ರಿಬ್ಬನ್ನು ಕಟ್ಟಿದ ಹಾಳೆ ಹಿಡಿದು ನಮ್ಮವರು ಅವರ ಬೆನ್ನ ಹಿಂದೆ ಪಿಸುಗುಟ್ಟಿದರು. "ಓದಿದ್ದು ಒಂದು, ಕೊಡೋದು ಇನ್ನೊಂದು ಅಂದ್ರೆ ಮೋಸ ಆಗ್ತೈತಿ ರಾಯರೇ" ಎಂದು ಗೌಡರು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ನೆಲ ಬಾಯಿ ಬಿಟ್ಟಿದ್ದರೆ ಚಾಪೆಯ ಸಮೇತ ಇಳಿದುಹೋಗುತ್ತಿದ್ದೆ.

ಸಾಹೇಬರು ಹಾಳೆಯನ್ನು ತುಂಬ ಹೊತ್ತು ನೋಡಿದರು. ಆಮೇಲೆ ಕನ್ನಡದಲ್ಲಿ, ಮೆಲುದನಿಯಲ್ಲೇ ಹೇಳಿದರು. "ಎಲ್ಲಾ ಊರಲ್ಲೂ ನನಗೆ ಬಿನ್ನವತ್ತಳೆ ಓದ್ತಾರೆ. ನಿಜ ಹೇಳ್ತೀನಿ, ಅರ್ಧದಲ್ಲಿ ನಿದ್ದೆ ಬಂದುಬಿಡುತ್ತೆ. ಏನು ಕೇಳಿದರು ಅಂತ ಆಮೇಲೆ ನೆನಪಿರೋದಿಲ್ಲ. ಇದು ತಂತಿ ಬಂದ ಹಾಗಿದೆ. ತಂತಿ ಬಂದರೆ ಮಡಿಸಿ ಇಟ್ಟುಕೊಂಡು ಕೂರೋದಕ್ಕಾಗುತ್ಯೇ?" ಜೊತೆಯಲ್ಲಿದ್ದ ಎಂಜಿನಿಯರನ್ನು ಹತ್ತಿರ ಕರೆದು, ಮಳೆಗಾಲಕ್ಕೆ ಮುಂಚೆ ಕೊಳವೆಯನ್ನು ಬೀದಿಯ ಕೊನೆಯ ತನಕ ಎಳೆಯಬೇಕೆಂದು ಎಲ್ಲರೆದುರಿಗೇ ಹೇಳಿ, ಆ ಹಾಳೆಯನ್ನು ಅವರ ಕೈಗೇ ಕೊಟ್ಟು ಕಾರು ಹತ್ತಿದರು. ಗೌರಮ್ಮನವರು ನನ್ನ ಮೊಣಕೈ ಹಿಡಿದುಕೊಂಡಿದ್ದರು. ಅವರ ಕಣ್ಣಲ್ಲಿ ನೀರಿತ್ತು. ನನ್ನ ಕಣ್ಣಲ್ಲೂ ಇತ್ತು. ಯಾವುದಕ್ಕೆಂದು ವಿಚಾರಿಸುವ ಧೈರ್ಯ ನನಗಾಗಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಅಡುಗೆಮನೆಯಲ್ಲಿ ನಾನು, ಅಕ್ಕಿ ಡಬ್ಬಿಯ ಮೇಲೆ ಸೊರಬಕ್ಕೆ ಹೋಗಬೇಕಾದ ಸಣ್ಣಕ್ಷರದ ಯಂತ್ರ, ಗೂಡಿನಲ್ಲಿ ರಿಬ್ಬನ್ನು ಕಟ್ಟಿದ ಸಣ್ಣಕ್ಷರದ ಹಾಳೆ. ರಿಬ್ಬನ್ನು ಬಿಚ್ಚಿ ಒಂದು ಸಲ ಓದಿಕೊಂಡೆ. ಎಷ್ಟು ಚೆನ್ನಾಗಿತ್ತು! ಎಷ್ಟು ಮೆತ್ತಗೆ, ಯಾರಿಗೂ ನೋವಾಗದ ಹಾಗೆ, ಯಾರಿಗೂ ಕೇಳಿಸದ ಹಾಗೆ. ಹೋಗಲಿ, ನಲ್ಲಿ ಬಂತಲ್ಲ. ಬರೆದವಳು ನಾನೆಂದು ಗೌರಮ್ಮನವರಿಗಾದರೂ ಗೊತ್ತು ಎಂದುಕೊಳ್ಳುವಷ್ಟರಲ್ಲಿ ಹಿತ್ತಲ ಬಾಗಿಲಲ್ಲಿ ಅವರೇ ಬಂದರು. ಹಾಲಿಗೆ ಹೆಪ್ಪು ಹಾಕಲು ಒಂದು ಚಮಚ ಮಜ್ಜಿಗೆ ಬೇಕಾಗಿತ್ತು. ಬಟ್ಟಲಿಗೆ ಹಾಕಿಕೊಟ್ಟೆ. ಅವರು ಹೊಸ್ತಿಲು ದಾಟಿ, ಮಂಡಿಯ ಮೇಲೆ ಕೈಯಿಟ್ಟುಕೊಂಡು ಮೆಟ್ಟಿಲಿಳಿಯುತ್ತಾ, ಏನೋ ನೆನಪಾದವರ ಹಾಗೆ ತಿರುಗಿದರು.

"ಬರೆಯೋದೇನು ಬಿಡ್ರಿ, ಯಾರಾದ್ರೂ ಬರೀತಾರೆ. ಗೌಡ್ರ ಬಾಯಾಗಿನ ಇಂಗ್ಲೀಷು ಕೇಳಿದ್ರೇನ್ರೀ, ಏನು ಠೀವಿ! ನೀವೂ ಕಾನ್ವೆಂಟಿನಾಗೆ ಒಂದಿಷ್ಟು ಓದಿದೋರು. ಅವ್ರ ಹತ್ರ ನಾಲ್ಕು ದಿನ ಹೇಳಿಸ್ಕಂಡ್ರೆ ನಿಮಗೂ ಬಂದೇ ಬರ್ತೈತೆ ಬಿಡ್ರಿ."